ನಿಂತ ಕಾರಿಗೆ ಹನಿ ಕರೆಂಟು

ಹಬ್ಬಕ್ಕೊಮ್ಮೆ ಶೆಡ್ಡಿನಿಂದ ಹೊರಬರುವ ಕಾರಿನ ಬ್ಯಾಟರಿ ಓಡಾಟದಿಂದ ಹಾಳಾಗುವುದು ಕಡಿಮೆ, ನಿಂತೇ ಹಾಳಾಗುವುದು ಹೆಚ್ಚು. ಬೀದರ್ ಜಿಲ್ಲೆಯ ರಾಜೇಶ್ವರದಂಥ ಊರುಗಳಿಗೆ ಈ ತೊಂದರೆ ಹೊಸದಲ್ಲ. ಟ್ರಿಕಲ್ ಚಾರ್ಜರ್ ಎಂಬ ಅಂಗೈಯಗಲದ ಒಂದು ಉಪಕರಣ ಇದನ್ನು ತಪ್ಪಿಸಬಲ್ಲದು.

ಎಳ್ಳ ಅಮಾವಾಸ್ಯೆ ಹತ್ತಿರ ಬಂತೆಂದರೆ ರಾಜೇಶ್ವರದ ಓಣಿಗಳಲ್ಲಿ ಬೀಗ ಬಿದ್ದ ಶೆಡ್ಡುಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಊರಿಗೆ ಬಂದಿರುತ್ತಾರೆ. ಭಜ್ಜಿ, ಅಂಬಲಿ, ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು, ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಬೇಕು. ವಯಸ್ಸಾದವರನ್ನೂ ಸಣ್ಣ ಮಕ್ಕಳನ್ನೂ ಕರೆದೊಯ್ಯಲು ಮನೆಯ ಕಾರು ಬೇಕು. ಹೊದಿಕೆ ಸರಿಸಿ, ಧೂಳು ಒರೆಸಿ ಚಾವಿ ತಿರುಗಿಸಿದರೆ ಬಾನೆಟ್ಟಿನ ಒಳಗಿಂದ ‘ಟಕ್ ಟಕ್ ಟಕ್’ ಎಂಬ ಸದ್ದಷ್ಟೇ ಕೇಳುತ್ತದೆ. ಡ್ಯಾಶ್‌ಬೋರ್ಡಿನ ದೀಪಗಳು ಮಿಣುಕಿ ಮಂಕಾಗುತ್ತವೆ. ‘ಬ್ಯಾಟ್ರಿ ಕುಂತದ, ಧಕ್ಕಾ ಹೊಡೀರಿ’ ಎಂದು ಯಾರೋ ಕೂಗುತ್ತಾರೆ. ಓಣಿಯ ಹುಡುಗರು ಸೇರುತ್ತಾರೆ.

ಆ ‘ಟಕ್ ಟಕ್’ ಸದ್ದಿಗೆ ಒಂದು ಕಾರಣವಿದೆ. ಚಾವಿ ತಿರುಗಿಸಿದೊಡನೆ ಸ್ಟಾರ್ಟರ್ ಮೋಟರಿನ ತಲೆಯ ಮೇಲಿರುವ ಸಾಲಿನಾಯ್ಡ್ ಎಂಬ ಸುರುಳಿ ಒಳಗಿನ ಕಬ್ಬಿಣದ ಸರಳನ್ನು ಎಳೆದು ದೊಡ್ಡ ತಾಮ್ರದ ಸಂಪರ್ಕವನ್ನು ಕೂಡಿಸುತ್ತದೆ. ಕೂಡಿದ ಕ್ಷಣವೇ ಮೋಟರು 100 ಆಂಪಿಯರ್‌ಗೂ ಹೆಚ್ಚು ಕರೆಂಟು ಬೇಡುತ್ತದೆ. ಸೊರಗಿದ ಬ್ಯಾಟರಿ ಅಷ್ಟನ್ನು ಕೊಡಲಾರದೆ ಅದರ ವೋಲ್ಟೇಜು ಕುಸಿಯುತ್ತದೆ. ವೋಲ್ಟೇಜು ಕುಸಿದರೆ ಸುರುಳಿಗೆ ಸರಳನ್ನು ಹಿಡಿದಿಡುವ ಶಕ್ತಿ ಉಳಿಯುವುದಿಲ್ಲ, ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳುತ್ತದೆ. ಸಂಪರ್ಕ ತಪ್ಪಿದ ಕೂಡಲೇ ಬ್ಯಾಟರಿ ಚೇತರಿಸಿಕೊಂಡು ಮತ್ತೆ ಎಳೆಯುತ್ತದೆ, ಮತ್ತೆ ಸೋಲುತ್ತದೆ. ಸೆಕೆಂಡಿಗೆ ಹಲವು ಬಾರಿ ಹೀಗೆ ನಡೆಯುವುದೇ ನಾವು ಕೇಳುವ ಸದ್ದು. ಎಂಜಿನ್ನಿನಲ್ಲಿ ಯಾವ ದೋಷವೂ ಇರುವುದಿಲ್ಲ. ಕಳೆದ ಎರಡು ತಿಂಗಳು ಆ ಬ್ಯಾಟರಿಯ ಕಡೆ ಯಾರೂ ನೋಡಿರುವುದಿಲ್ಲ, ಅಷ್ಟೆ.

ನಿಲ್ಲುವ ಕಾರುಗಳ ಊರು

ರಾಜೇಶ್ವರ ಇರುವುದು ಬಸವಕಲ್ಯಾಣ ಮತ್ತು ಹುಮನಾಬಾದ್ ನಡುವೆ, ಪುಣೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ. ಹಳಬರ ಬಾಯಲ್ಲಿ ಅದು ಇನ್ನೂ ‘ನಂಬರ್ 9 ರೋಡು’. ಹಗಲು ರಾತ್ರಿ ಲಾರಿ, ಬಸ್ಸುಗಳು ಬಿಡುವಿಲ್ಲದೆ ಹರಿಯುವ ರಸ್ತೆ ಇದು. ಅದರ ಪಕ್ಕದ ಊರೊಳಗೆ ಮಾತ್ರ ತಿಂಗಳುಗಟ್ಟಲೆ ಅಲುಗಾಡದ ಕಾರುಗಳಿವೆ. ದುಡಿಮೆಗಾಗಿ ಪೂರ್ವಕ್ಕೆ ಹೈದರಾಬಾದು, ಪಶ್ಚಿಮಕ್ಕೆ ಸೊಲ್ಲಾಪುರ, ಪುಣೆ ಎಂದು ಹೋಗಿ ನೆಲೆಸುವುದು ಈ ಭಾಗದ ಬದುಕಿನ ರೀತಿ. ಪೇಟೆಯ ಫ್ಲ್ಯಾಟಿನಲ್ಲಿ ಒಂದು ಕಾರು ನಿಲ್ಲಿಸುವುದೇ ಕಷ್ಟ, ಎರಡನೆಯದು ಊರಿನಲ್ಲೇ ಉಳಿಯುತ್ತದೆ. ಬಸವಕಲ್ಯಾಣ ಆರ್‌ಟಿಒ ಕಚೇರಿಯ ಕೆಎ-56 ನಂಬರಿನ ಆ ಕಾರು ಮಾಣಿಕನಗರದ ದತ್ತ ಜಯಂತಿಗೆ, ಎಳ್ಳ ಅಮಾವಾಸ್ಯೆಗೆ, ಜನವರಿಯ ಹುಮನಾಬಾದ್ ವೀರಭದ್ರೇಶ್ವರ ಜಾತ್ರೆಗೆ, ಬಸವ ಜಯಂತಿಗೆ, ಬೇಸಿಗೆಯ ಮದುವೆಗಳಿಗೆ ಹೊರಬರುತ್ತದೆ. ಉಳಿದ ದಿನಗಳಲ್ಲಿ ತಗಡಿನ ಶೆಡ್ಡೇ ಅದರ ಜಾಗ.

ನಿಂತ ವಾಹನದ ಬ್ಯಾಟರಿ ಏನಾಗುತ್ತದೆ ಎಂಬುದನ್ನು ದೇಶ ಒಮ್ಮೆಲೇ ಕಂಡದ್ದು 2020ರಲ್ಲಿ. ಮಾರ್ಚ್ 25ರಿಂದ ಲಾಕ್‌ಡೌನ್ ಶುರುವಾಗಿ ವಾರಗಟ್ಟಲೆ ಕಾರುಗಳು ಕದಲಲಿಲ್ಲ. ಬ್ಯಾಟರಿ ಕಾಪಾಡಿಕೊಳ್ಳುವುದು ಹೇಗೆಂದು ಹಲವು ಕಾರು ಕಂಪನಿಗಳು ಆಗ ಗ್ರಾಹಕರಿಗೆ ಸಲಹೆ ಕಳುಹಿಸಿದವು. ಪೇಟೆಯವರು ಒಂದು ಬೇಸಿಗೆ ಅನುಭವಿಸಿದ್ದನ್ನು ರಾಜೇಶ್ವರದಂಥ ಊರುಗಳು ಪ್ರತಿ ವರ್ಷ ಅನುಭವಿಸುತ್ತವೆ.

ಎರಡು ಅಮಾವಾಸ್ಯೆಗಳ ನಡುವಿನ ಲೆಕ್ಕ

ಕಾರು ಬಂದ್ ಮಾಡಿದರೂ ಅದು ಪೂರ್ತಿ ಬಂದ್ ಆಗುವುದಿಲ್ಲ. ರಿಮೋಟಿನ ಸಂಕೇತಕ್ಕೆ ಕಾಯುವ ಸೆಂಟ್ರಲ್ ಲಾಕ್, ಕಳ್ಳತನ ತಡೆಯುವ ಅಲಾರಂ, ಗಡಿಯಾರ, ಮ್ಯೂಸಿಕ್ ಸಿಸ್ಟಂನ ನೆನಪು, ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಎಂಬ ಸಣ್ಣ ಕಂಪ್ಯೂಟರು, ಇವೆಲ್ಲ ಅರೆಎಚ್ಚರದಲ್ಲಿದ್ದು ಚೂರು ಚೂರೇ ಕರೆಂಟು ಎಳೆಯುತ್ತಿರುತ್ತವೆ. ಸುಸ್ಥಿತಿಯಲ್ಲಿರುವ ಕಾರಿನಲ್ಲಿ ಇದು ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್. ಆಮೇಲೆ ಹೊರಗಿನಿಂದ ಹಾಕಿಸಿದ ಜಿಪಿಎಸ್, ಕ್ಯಾಮೆರಾ, ದೊಡ್ಡ ಸ್ಪೀಕರುಗಳಿದ್ದರೆ ಇನ್ನೂ ಹೆಚ್ಚು.

40 ಮಿಲಿಆಂಪಿಯರ್ ಎಂದು ಹಿಡಿಯೋಣ. ದಿನದ 24 ಗಂಟೆಗೆ ಅದು ಹೆಚ್ಚುಕಡಿಮೆ 1 ಆಂಪಿಯರ್-ಅವರ್ ಆಗುತ್ತದೆ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು 35 ಆಂಪಿಯರ್-ಅವರ್ ಬ್ಯಾಟರಿ. ಅಂದರೆ ಹದಿನೇಳು ಹದಿನೆಂಟು ದಿನಕ್ಕೆ ಅರ್ಧ ಖಾಲಿ, ತಿಂಗಳು ದಾಟುವಷ್ಟರಲ್ಲಿ ಪೂರ್ತಿ ಖಾಲಿ. ದೀಪಾವಳಿಯ ಅಮಾವಾಸ್ಯೆಯಿಂದ ಎಳ್ಳ ಅಮಾವಾಸ್ಯೆಗೆ ಎರಡು ಚಾಂದ್ರಮಾಸ, 59 ದಿನ. 20 ಮಿಲಿಆಂಪಿಯರ್ ಮಾತ್ರ ಎಳೆಯುವ ಕಾರು ಕೂಡ ಅಷ್ಟು ದಿನದಲ್ಲಿ 28 ಆಂಪಿಯರ್-ಅವರ್ ಕಳೆದುಕೊಂಡಿರುತ್ತದೆ. ದೀಪಾವಳಿಗೆ ಊರಿಗೆ ಬಂದು ಕಾರು ಓಡಿಸಿ ನಿಲ್ಲಿಸಿ ಹೋದವರಿಗೆ ಚರಗದ ಬೆಳಿಗ್ಗೆ ಗಾಡಿ ಚಾಲೂ ಆಗದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ, ಅದು ಸರಳ ಗುಣಾಕಾರ.

ಇದರ ಜೊತೆಗೆ ಬ್ಯಾಟರಿ ತನ್ನಷ್ಟಕ್ಕೂ ಇಳಿಯುತ್ತದೆ. ಯಾವ ತಂತಿ ಜೋಡಿಸದೆ ಇಟ್ಟರೂ ಒಳಗಿನ ರಾಸಾಯನಿಕ ಕ್ರಿಯೆ ನಿಲ್ಲುವುದಿಲ್ಲ. ಈಗಿನ ಮೇಂಟೆನೆನ್ಸ್-ಫ್ರೀ ಬ್ಯಾಟರಿಗಳು ಹಿತವಾದ ಹವೆಯಲ್ಲಿ ತಿಂಗಳಿಗೆ ನೂರಕ್ಕೆ ಮೂರರಿಂದ ಐದರಷ್ಟು ಚಾರ್ಜು ಕಳೆದುಕೊಳ್ಳುತ್ತವೆ, ನೀರು ಹಾಕುವ ಹಳೆಯ ಬಗೆಯವು ಇನ್ನೂ ಹೆಚ್ಚು. ಉಷ್ಣತೆ 10 ಡಿಗ್ರಿ ಏರಿದರೆ ಈ ಸೋರಿಕೆ ಸುಮಾರು ಇಮ್ಮಡಿಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಶೆಡ್ಡಿನ ಒಳಗೆ ಅದಕ್ಕಿಂತ ಹೆಚ್ಚಿನ ಝಳ.

ಖಾಲಿ ಇಟ್ಟರೆ ಗಟ್ಟಿಯಾಗುವ ಸೀಸ

1859ರಲ್ಲಿ ಫ್ರಾನ್ಸಿನ ವಿಜ್ಞಾನಿ ಗಾಸ್ತೋ ಪ್ಲಾಂಟೆ ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಮಾಡಿದ. ನಮ್ಮ ಕಾರಿನಲ್ಲಿರುವುದು ಮೂಲತಃ ಅದೇ. ಆರು ಕೋಶಗಳು, ಒಂದೊಂದಕ್ಕೆ 2 ವೋಲ್ಟಿಗಿಂತ ತುಸು ಹೆಚ್ಚು. ಒಂದು ಫಲಕ ಸೀಸದ ಡಯಾಕ್ಸೈಡು, ಇನ್ನೊಂದು ಸ್ಪಂಜಿನಂಥ ಶುದ್ಧ ಸೀಸ, ನಡುವೆ ನೀರು ಬೆರೆಸಿದ ಗಂಧಕಾಮ್ಲ. ಬ್ಯಾಟರಿ ಕರೆಂಟು ಕೊಡುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ, ಆಮ್ಲ ತೆಳುವಾಗುತ್ತದೆ. ಚಾರ್ಜು ಮಾಡಿದಾಗ ಸಲ್ಫೇಟು ಕರಗಿ ಎಲ್ಲವೂ ಮೊದಲಿನಂತಾಗುತ್ತದೆ.

ಇಳಿದ ಬ್ಯಾಟರಿಯನ್ನು ಕೂಡಲೇ ಚಾರ್ಜು ಮಾಡಿದರೆ ಆ ಸಲ್ಫೇಟಿನ ಹರಳುಗಳು ಇನ್ನೂ ನಯವಾಗಿದ್ದು ಸುಲಭವಾಗಿ ಕರಗುತ್ತವೆ. ವಾರ, ತಿಂಗಳು ಹಾಗೆಯೇ ಬಿಟ್ಟರೆ ಸಣ್ಣ ಹರಳುಗಳು ಕೂಡಿಕೊಂಡು ದೊಡ್ಡವಾಗಿ ಗಟ್ಟಿಯಾಗುತ್ತವೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಕರಗುವುದಿಲ್ಲ. ಫಲಕದ ಅಷ್ಟು ಭಾಗ ಶಾಶ್ವತವಾಗಿ ಸತ್ತಂತೆ. ಹೊಸ ಬ್ಯಾಟರಿಯೂ ಎರಡು ಮೂರು ಸಲ ಹೀಗೆ ಪೂರ್ತಿ ಇಳಿದು ನಿಂತರೆ ಅದರ ಆಯುಷ್ಯ ಬಹಳ ತಗ್ಗುತ್ತದೆ. ಜಾತ್ರೆಯ ಹೊತ್ತಿಗೆ ಚಾರ್ಜು ಮಾಡಿಸಿ ತಂದ ಬ್ಯಾಟರಿ ಯುಗಾದಿಗೆ ಮತ್ತೆ ಕೂರುವುದು ಇದೇ ಕಾರಣಕ್ಕೆ.

ಬ್ಯಾಟರಿಯ ಸ್ಥಿತಿ ತಿಳಿಯಲು ಡಿಜಿಟಲ್ ಮಲ್ಟಿಮೀಟರ್ ಸಾಕು. ಕಾರು ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಎರಡೂ ತುದಿಗಳಿಗೆ ಕಡ್ಡಿ ಮುಟ್ಟಿಸಿದಾಗ 12.6 ವೋಲ್ಟಿನ ಆಸುಪಾಸು ತೋರಿಸಿದರೆ ಬ್ಯಾಟರಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12 ಎಂದರೆ ಕಾಲುಭಾಗ. 11.8 ಕಂಡರೆ ಖಾಲಿ ಎಂದೇ ಲೆಕ್ಕ. ತುಂಬಿದ್ದಕ್ಕೂ ಖಾಲಿಗೂ ನಡುವಿನ ಅಂತರ 1 ವೋಲ್ಟು ಕೂಡ ಇಲ್ಲ. ‘12 ತೋರಸ್ತದ, ಛಲೋ ಅದ’ ಎಂದು ನಂಬಿದವರು ಮೋಸಹೋಗುವುದು ಈ ಸಣ್ಣ ಅಂತರದಲ್ಲಿ. ಮುಚ್ಚಳ ತೆರೆಯಬಹುದಾದ ಬ್ಯಾಟರಿಯಾದರೆ ಗ್ಯಾರೇಜಿನವರು ಹೈಡ್ರೋಮೀಟರ್ ಇಳಿಸಿ ನೋಡುತ್ತಾರೆ. ಗಾಜಿನ ನಳಿಕೆಯೊಳಗಿನ ತೇಲು ತುಂಬಿದ ಬ್ಯಾಟರಿಯಲ್ಲಿ 1.250ರ ಸುತ್ತ ನಿಲ್ಲುತ್ತದೆ, ಖಾಲಿಯಾದಾಗ 1.120ರ ತನಕ ಮುಳುಗುತ್ತದೆ. ಆರರಲ್ಲಿ ಒಂದೇ ಕೋಶ ಉಳಿದವಕ್ಕಿಂತ ಬಹಳ ಕೆಳಗಿದ್ದರೆ ಆ ಬ್ಯಾಟರಿಗೆ ಚಾರ್ಜರ್ ಕೊಂಡು ಫಲವಿಲ್ಲ.

ವಾರಕ್ಕೊಮ್ಮೆ ಐದು ನಿಮಿಷ ಸಾಲದು

ಊರು ಬಿಡುವವರು ಮನೆಯಲ್ಲಿ ಉಳಿದವರಿಗೆ ಹೇಳಿಹೋಗುವ ಒಂದು ಮಾತಿದೆ: ‘ವಾರಕ್ಕೊಮ್ಮೆ ಚಾಲೂ ಮಾಡಿ ಐದು ಮಿನಿಟ್ ಬಿಡು.’ ಕಾಳಜಿಯಿಂದ ಹೇಳಿದ ಮಾತೇ. ಆದರೆ ಲೆಕ್ಕ ಕೂಡುವುದಿಲ್ಲ.

ಸ್ಟಾರ್ಟ್ ಮಾಡುವ ಖರ್ಚೇನೋ ಸಣ್ಣದು. 150 ಆಂಪಿಯರ್‌ನಂತೆ 3 ಸೆಕೆಂಡು ಎಳೆದರೆ ಒಂದು ಆಂಪಿಯರ್-ಅವರ್‌ನ ಎಂಟರಲ್ಲಿ ಒಂದು ಪಾಲು. ತೊಂದರೆ ಇರುವುದು ವಾರವಿಡೀ ಸೋರಿದ್ದರಲ್ಲಿ. 40 ಮಿಲಿಆಂಪಿಯರ್ ಲೆಕ್ಕದಲ್ಲಿ ಏಳು ದಿನಕ್ಕೆ 6.7 ಆಂಪಿಯರ್-ಅವರ್ ಹೋಗಿರುತ್ತದೆ. ನಿಂತಲ್ಲೇ ಓಡುವ ಎಂಜಿನ್ನಿನ ಆಲ್ಟರ್ನೇಟರ್ ಬ್ಯಾಟರಿಗೆ 15 ಆಂಪಿಯರ್ ಕೊಟ್ಟಿತೆಂದೇ ಇಟ್ಟುಕೊಂಡರೂ ಐದು ನಿಮಿಷಕ್ಕೆ ಮರಳುವುದು 1.25 ಮಾತ್ರ. ಪ್ರತಿ ವಾರ ಐದರಷ್ಟು ಬಾಕಿ ಉಳಿಯುತ್ತ ಹೋಗುತ್ತದೆ. ಇತ್ತ ಎಂಜಿನ್ನಿಗೂ ಅದು ಒಳ್ಳೆಯದಲ್ಲ. ಪೂರ್ತಿ ಬಿಸಿಯಾಗುವ ಮುಂಚೆಯೇ ಬಂದ್ ಮಾಡಿದರೆ ಉರಿದಾಗ ಹುಟ್ಟಿದ ನೀರಾವಿ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ಉಳಿದು ತುಕ್ಕಿಗೆ ದಾರಿಯಾಗುತ್ತದೆ. ಕಾರನ್ನು ಚಾಲೂ ಮಾಡುವುದೇ ಆದರೆ ಹುಮನಾಬಾದಿನ ತನಕ ಹೋಗಿಬನ್ನಿ. ಟೈರು, ಬ್ರೇಕು, ಗೇರು, ಆಯಿಲು ಎಲ್ಲಕ್ಕೂ ಒಳಿತು. ಅಷ್ಟು ಬಿಡುವಿರುವವರು ಮನೆಯಲ್ಲಿ ಇಲ್ಲದಿದ್ದರೆ ಬ್ಯಾಟರಿಗೆ ಬೇರೆ ವ್ಯವಸ್ಥೆ ಬೇಕು.

ಧಕ್ಕಾ ಸ್ಟಾರ್ಟಿನ ಕಾಲವೂ ಮುಗಿಯುತ್ತ ಬಂದಿದೆ. ಅಂಬಾಸಡರ್, ಫಿಯೆಟ್ ಕಾರುಗಳಿಗೆ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿಸಲು ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅಲ್ಲಿಂದ ಕಾರಿನ ಪ್ರಾಣ ಬ್ಯಾಟರಿಯ ಕೈಗೆ ಹೋಯಿತು. ಈಗಿನ ಕಾರಿನಲ್ಲಿ ಪೆಟ್ರೋಲು ಸಿಂಪಡಿಸುವ ಇಂಜೆಕ್ಟರು, ಪಂಪು, ಇಸಿಯು ಎಲ್ಲಕ್ಕೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ಓಣಿಯ ತುದಿಯವರೆಗೆ ದೂಡಿದರೂ ಎಂಜಿನ್ ಕೆಮ್ಮುವುದಿಲ್ಲ. ಕ್ಲಚ್ ಪೆಡಲ್ಲೇ ಇಲ್ಲದ ಆಟೊಮ್ಯಾಟಿಕ್ ಗಾಡಿಗಳಿಗೆ ಧಕ್ಕಾದ ಪ್ರಶ್ನೆಯೇ ಬರುವುದಿಲ್ಲ.

ಟ್ರಿಕಲ್ ಚಾರ್ಜರ್ ಮಾಡುವುದೇನು?

ಕಬ್ಬಿಗೆ ಹನಿ ನೀರಾವರಿ ಮಾಡಿದ ರೈತರಿಗೆ ಟ್ರಿಕಲ್ ಚಾರ್ಜರಿನ ತತ್ವವನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆ ಒಡೆದು ಒಮ್ಮೆಲೇ ನೀರು ನುಗ್ಗಿಸುವ ಬದಲು ಬೇರಿಗೆ ಎಷ್ಟು ಬೇಕೋ ಅಷ್ಟನ್ನು ಹನಿಹನಿಯಾಗಿ ಕೊಡುವುದು. ಬ್ಯಾಟರಿ ಅಂಗಡಿಯ ದೊಡ್ಡ ಚಾರ್ಜರ್ ಕೆಲವು ಗಂಟೆಗಳಲ್ಲಿ ಖಾಲಿ ಬ್ಯಾಟರಿ ತುಂಬಿಸಿ ಕಳುಹಿಸುವ ಯಂತ್ರ. ಟ್ರಿಕಲ್ ಚಾರ್ಜರ್ ತುಂಬಿದ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳುವ ಯಂತ್ರ. ಸಾಮಾನ್ಯವಾಗಿ ಅದು 1 ಆಂಪಿಯರ್ ಅಥವಾ ಅದಕ್ಕೂ ಕಡಿಮೆ ಕೊಡುತ್ತದೆ.

ಇದರಲ್ಲೂ ಎರಡು ಬಗೆ ಇರುವುದನ್ನು ಕೊಳ್ಳುವ ಮುನ್ನ ತಿಳಿದಿರಬೇಕು. ಹಳೆಯ, ಅಗ್ಗದ ಬಗೆಯದು ಬ್ಯಾಟರಿ ತುಂಬಿದೆಯೋ ಇಲ್ಲವೋ ನೋಡದೆ ಒಂದೇ ಸಮನೆ ಕರೆಂಟು ಹರಿಸುತ್ತಿರುತ್ತದೆ. ಒಂದೆರಡು ದಿನಕ್ಕೆ ಸರಿ, ತಿಂಗಳುಗಟ್ಟಲೆ ಬಿಟ್ಟರೆ ಹಾನಿ. ತುಂಬಿದ ಮೇಲೆ ಬರುವ ಕರೆಂಟು ಒಳಗಿನ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುತ್ತದೆ. ನೀರು ಇಳಿದು ಫಲಕಗಳು ಗಾಳಿಗೆ ತೆರೆದುಕೊಳ್ಳುತ್ತವೆ, ಸವೆಯುತ್ತವೆ. ಮೇಂಟೆನೆನ್ಸ್-ಫ್ರೀ ಬ್ಯಾಟರಿಗೆ ಮತ್ತೆ ನೀರು ಹಾಕುವ ದಾರಿಯೂ ಇರುವುದಿಲ್ಲ.

ಎರಡನೆಯದು ಬ್ಯಾಟರಿ ಮೇಂಟೇನರ್ ಅಥವಾ ಸ್ಮಾರ್ಟ್ ಚಾರ್ಜರ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಮೊದಲು ಬ್ಯಾಟರಿಯ ಸ್ಥಿತಿ ಅಳೆಯುತ್ತದೆ. ಇಳಿದಿದ್ದರೆ 14.4 ವೋಲ್ಟಿನ ತನಕ ಏರಿಸಿ ತುಂಬಿಸುತ್ತದೆ. ತುಂಬಿದ ಮೇಲೆ 13.2ರಿಂದ 13.6 ವೋಲ್ಟಿನ ನಡುವೆ ಇಳಿದು, ಸೋರಿದಷ್ಟನ್ನೇ ತುಂಬುತ್ತ ಕಾವಲು ಕೂರುತ್ತದೆ; ಈ ಹಂತಕ್ಕೆ ‘ಫ್ಲೋಟ್’ ಎನ್ನುತ್ತಾರೆ. ದೀರ್ಘಕಾಲ ನಿಲ್ಲಿಸುವ ಕಾರಿಗೆ ಬೇಕಾದದ್ದು ಇದು. ಅಂಗಡಿಯಲ್ಲಿ ‘ಟ್ರಿಕಲ್ ಚಾರ್ಜರ್ ಕೊಡಿ’ ಎಂದು ಕೇಳಿ ಸುಮ್ಮನಾಗಬಾರದು. ‘ತುಂಬಿದ ಮೇಲೆ ತಾನೇ ಫ್ಲೋಟಿಗೆ ಇಳಿಯುತ್ತದೆಯೇ? ಕರೆಂಟು ಹೋಗಿ ಬಂದರೆ ತಾನೇ ಮತ್ತೆ ಶುರುವಾಗುತ್ತದೆಯೇ?’ ಎಂಬ ಎರಡು ಪ್ರಶ್ನೆಗಳಿಗೆ ಹೌದು ಎಂಬ ಉತ್ತರ ಸಿಕ್ಕಮೇಲೆ ದುಡ್ಡು ಕೊಡಬೇಕು. ಈ ಭಾಗಕ್ಕೆ ವಿದ್ಯುತ್ ಪೂರೈಸುವ ಜೆಸ್ಕಾಂ ವ್ಯಾಪ್ತಿಯ ಹಳ್ಳಿಗಳಲ್ಲಿ ದಿನಕ್ಕೆ ಹಲವು ಸಲ ಕರೆಂಟು ಹೋಗಿ ಬರುವುದುಂಟು. ಪ್ರತಿ ಸಲ ಗುಂಡಿ ಒತ್ತಿ ಎಬ್ಬಿಸಬೇಕಾದ ಚಾರ್ಜರ್ ಬೀಗ ಹಾಕಿದ ಶೆಡ್ಡಿನಲ್ಲಿ ಕೆಲಸಕ್ಕೆ ಬಾರದು.

ನಮ್ಮ ಸೆಖೆಗೆ ಇನ್ನೊಂದು ಎಚ್ಚರ ಸೇರಬೇಕು. ಉಷ್ಣತೆ ಏರಿದಂತೆ ಬ್ಯಾಟರಿಗೆ ಕೊಡುವ ವೋಲ್ಟೇಜು ತುಸು ತಗ್ಗಬೇಕು, ಇಲ್ಲವಾದರೆ ಅದು ಅತಿಯಾಗುತ್ತದೆ. ಒಳ್ಳೆಯ ಚಾರ್ಜರುಗಳು ಸುತ್ತಲಿನ ಉಷ್ಣತೆ ನೋಡಿ ತಾವೇ ಹೊಂದಿಸಿಕೊಳ್ಳುತ್ತವೆ. ಆ ಸೌಲಭ್ಯ ಇಲ್ಲದಿದ್ದರೆ ಮೇ ತಿಂಗಳಲ್ಲಿ ರಾತ್ರಿ ಹೊತ್ತು ಮಾತ್ರ ಹಚ್ಚುವುದು ಲೇಸು. ಚಳಿ ದೇಶಗಳಲ್ಲಿ ಕಷ್ಟ ಬೇರೆ ಬಗೆಯದು. ಅಲ್ಲಿ ತುಂಬಿದ ಬ್ಯಾಟರಿ ಸೊನ್ನೆಗಿಂತ 50 ಡಿಗ್ರಿ ಕೆಳಗೂ ಹೆಪ್ಪುಗಟ್ಟದು, ಖಾಲಿಯಾದದ್ದು ಸೊನ್ನೆಗಿಂತ ಹತ್ತು ಡಿಗ್ರಿ ಆಸುಪಾಸು ಕೆಳಗಿಳಿದರೆ ಸಾಕು, ಹೆಪ್ಪುಗಟ್ಟಿ ಡಬ್ಬಿ ಸೀಳುತ್ತದೆ. ಕೆನಡಾ, ಅಮೆರಿಕದ ಉತ್ತರ ಭಾಗದಲ್ಲಿ ನೆಲೆಸಿ ಚಳಿಗಾಲದ ರಜೆಗೆ ಊರಿಗೆ ಬರುವ ಕನ್ನಡ ಕುಟುಂಬಗಳು ಅಲ್ಲಿನ ಗ್ಯಾರೇಜಿನ ಕಾರಿಗೆ ಇದೇ ಮೇಂಟೇನರ್ ಹಚ್ಚಿ ಬರಬೇಕಾಗುವುದು ಇದಕ್ಕೇ.

ಜೋಡಿಸುವ ಕ್ರಮ

ಕೆಲಸ ಹತ್ತು ನಿಮಿಷದ್ದು, ಆದರೆ ಕ್ರಮ ತಪ್ಪಬಾರದು. ಶೆಡ್ಡಿನ ಬಾಗಿಲು ಅಥವಾ ಕಿಟಕಿ ತೆರೆದಿರಲಿ. ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೂ ಒಂದು ಕಿಡಿಗೆ ಸಿಡಿಯಬಲ್ಲದು. ಬೀಡಿ, ಸಿಗರೇಟು, ಊದುಬತ್ತಿ ದೂರವಿರಲಿ. ಟರ್ಮಿನಲ್ಲಿನ ಮೇಲೆ ಬಿಳಿ, ನೀಲಿ ಹುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಿಂದ ಉಜ್ಜಿ, ಒರೆಸಿ ಒಣಗಿಸಿ. ಆ ನೀರು ಕೋಶದ ಒಳಗೆ ಹೋಗಕೂಡದು. ಆಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ನೀರಿನ ಮಟ್ಟ ನೋಡಿ, ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಲವಣ, ಕಬ್ಬಿಣ ಫಲಕಕ್ಕೆ ವಿಷ. ಕುಡಿಯುವ ಫಿಲ್ಟರ್ ನೀರೂ ಬೇಡ.

ಈಗ ಚಾರ್ಜರ್. ಗೋಡೆಯ ಸ್ವಿಚ್ಚು ಬಂದ್ ಇರಬೇಕು. ಮೊದಲು ಕೆಂಪು ಚಿಮಟವನ್ನು ಬ್ಯಾಟರಿಯ ಪ್ಲಸ್ಸಿಗೆ ಹಚ್ಚಿ. ಅನಂತರ ಕಪ್ಪು ಚಿಮಟವನ್ನು ಬ್ಯಾಟರಿಯಿಂದ ದೂರದ, ಬಣ್ಣ ಬಳಿಯದ ಕಬ್ಬಿಣದ ಭಾಗಕ್ಕೆ, ಎಂಜಿನ್ನಿನ ಬೋಲ್ಟು ಅಥವಾ ಚಾಸಿಗೆ ಹಚ್ಚಿ. ಹೀಗೆ ಮಾಡಿದರೆ ಕಿಡಿ ಹಾರಿದರೂ ಬ್ಯಾಟರಿಯ ಮೇಲಿನ ಅನಿಲಕ್ಕೆ ತಾಗದು. ಸಿಗ್ನಲ್‌ನಲ್ಲಿ ತಾನೇ ಬಂದ್ ಆಗುವ ಸ್ಟಾರ್ಟ್-ಸ್ಟಾಪ್ ಕಾರುಗಳಲ್ಲಿ ಮೈನಸ್ ತುದಿಗೆ ಕರೆಂಟು ಎಣಿಸುವ ಸೆನ್ಸರ್ ಇರುತ್ತದೆ. ಚಾಸಿಗೆ ಹಚ್ಚಿದರೆ ಅದರ ಲೆಕ್ಕವೂ ಸರಿ ಕೂಡುತ್ತದೆ. ಇವೆರಡೂ ಬಿಗಿಯಾದ ಮೇಲೆಯೇ ಸ್ವಿಚ್ಚು ಹಾಕಿ. ತೆಗೆಯುವಾಗ ಕ್ರಮ ತಿರುಗುಮುರುಗು: ಮೊದಲು ಸ್ವಿಚ್ಚು, ಬಳಿಕ ಕಪ್ಪು, ಕೊನೆಗೆ ಕೆಂಪು. ಸ್ಟಾರ್ಟ್-ಸ್ಟಾಪ್ ಕಾರಿನ ಎಜಿಎಂ ಅಥವಾ ಇಎಫ್‌ಬಿ ಬ್ಯಾಟರಿಗೆ ಚಾರ್ಜರಿನಲ್ಲಿ ಅದರದೇ ಮೋಡ್ ಆರಿಸಬೇಕು.

ಸಾಕೆಟ್ಟು ಮೂರು ಪಿನ್ನಿನದು, ಅರ್ಥಿಂಗ್ ಇರುವಂಥದು ಆಗಿರಲಿ. ಎಳೆದು ಗಂಟು ಹಾಕಿದ ವೈರಿನ ಮೇಲೆ ಎರಡು ತಿಂಗಳು ನಂಬಿಕೆ ಇಡಬೇಡಿ. ಗುಡುಗು ಸಿಡಿಲಿನ ದಿನ ಪ್ಲಗ್ ಕಿತ್ತಿಡಿ. ನಿಂತ ಕಾರಿನ ಬಾನೆಟ್ಟಿನೊಳಗೆ ಇಲಿ ಗೂಡು ಕಟ್ಟುವುದು ಹಳ್ಳಿಯಲ್ಲಿ ಸಾಮಾನ್ಯ. ಅದು ಚಾರ್ಜರಿನ ವೈರನ್ನೂ ಕಡಿದೀತು. ಮನೆಯಲ್ಲಿರುವವರು ವಾರಕ್ಕೊಮ್ಮೆ ದೀಪ ಹಸಿರಿದೆಯೇ, ಬ್ಯಾಟರಿ ಮುಟ್ಟಿದರೆ ಬಿಸಿಯಾಗಿದೆಯೇ, ಕೊಳೆತ ಮೊಟ್ಟೆಯ ವಾಸನೆ ಇದೆಯೇ ಎಂದು ನೋಡಿದರೆ ಸಾಕು. ಬಿಸಿ, ವಾಸನೆ ಎರಡರಲ್ಲಿ ಒಂದಿದ್ದರೂ ಚಾರ್ಜಿಂಗ್ ನಿಲ್ಲಿಸಿ.

ಪೂರ್ತಿ ಸತ್ತ ಬ್ಯಾಟರಿಯನ್ನು ಸ್ಮಾರ್ಟ್ ಚಾರ್ಜರ್ ಗುರುತಿಸುವುದೇ ಇಲ್ಲ. ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಅಂಥದ್ದನ್ನು ಮೊದಲು ಅಂಗಡಿಯಲ್ಲಿ ನಿಧಾನವಾಗಿ ತುಂಬಿಸಿ, ಪರೀಕ್ಷಿಸಿ ತರಬೇಕು. ಮೇಂಟೇನರ್ ಆರೋಗ್ಯ ಕಾಯುತ್ತದೆ, ಹೋದ ಜೀವ ತರುವುದು ಅದರ ಕೆಲಸವಲ್ಲ.

ಲಾರಿಯಿಂದ ತಂತಿ ಎಳೆಯಬೇಡಿ

ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾದ ಕಡೆ ಲಾರಿಗಳಿಗೆ ಬರವಿಲ್ಲ. ಕಾರು ಚಾಲೂ ಆಗದಿದ್ದರೆ ಪಕ್ಕದ ಲಾರಿಯಿಂದ ಎರಡು ವೈರು ಎಳೆದು ಜಂಪ್ ಕೊಡುವ ಯೋಚನೆ ಯಾರಿಗೂ ಬರುತ್ತದೆ. ದೊಡ್ಡ ಲಾರಿಗಳಲ್ಲಿ ಹೆಚ್ಚಿನವು 12 ವೋಲ್ಟಿನ ಎರಡು ಬ್ಯಾಟರಿ ಕೂಡಿಸಿದ 24 ವೋಲ್ಟಿನ ಗಾಡಿಗಳು. ಕಾರಿಗೆ 24 ವೋಲ್ಟು ನುಗ್ಗಿದರೆ ಇಸಿಯು ಸುಡಬಹುದು, ಬ್ಯಾಟರಿ ಸಿಡಿಯಬಹುದು. ಜಂಪ್ ಕೊಡುವುದೇ ಆದರೆ 12 ವೋಲ್ಟಿನ ಇನ್ನೊಂದು ಕಾರಿನಿಂದ ಕೊಡಿ. ಅದೂ ಆಪತ್ತಿಗೆ ಮಾತ್ರ. ಆಲ್ಟರ್ನೇಟರ್ ಇರುವುದು ಓಡುವ ಕಾರಿನ ಬ್ಯಾಟರಿಯನ್ನು ಭರ್ತಿ ಇಡುವುದಕ್ಕೆ. ಪೂರ್ತಿ ಖಾಲಿಯಾದದ್ದನ್ನು ತುಂಬುವ ಹೊರೆ ಬಿದ್ದರೆ ಅದೂ ಬಿಸಿಯಾಗಿ ಬಳಲುತ್ತದೆ.

ಶೆಡ್ಡಿನಲ್ಲಿ ಪ್ಲಗ್ ಪಾಯಿಂಟೇ ಇಲ್ಲದವರಿಗೂ ದಾರಿಯಿದೆ. ಸುಲಭವಾದದ್ದು ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿಡುವುದು. 10 ನಂಬರಿನ ಒಂದು ಪಾನಾ ಸಾಮಾನ್ಯವಾಗಿ ಸಾಕು. ಕಾರಿನ ಎಲೆಕ್ಟ್ರಾನಿಕ್ಸ್ ಎಳೆಯುವುದು ನಿಲ್ಲುತ್ತದೆ, ಬ್ಯಾಟರಿಯ ಸ್ವಂತ ಸೋರಿಕೆ ಮಾತ್ರ ಉಳಿಯುತ್ತದೆ. ಗಡಿಯಾರ, ರೇಡಿಯೊ ಮತ್ತೆ ಹೊಂದಿಸಬೇಕಾಗುತ್ತದೆ ಎಂಬುದಷ್ಟೇ ತೊಡಕು. ಬಿಚ್ಚುವ ಮುನ್ನ ಬಾಗಿಲು ತೆರೆಯುವ ಲೋಹದ ಚಾವಿ ಕೈಯಲ್ಲಿದೆಯೇ ನೋಡಿಕೊಳ್ಳಿ, ರಿಮೋಟು ಕೆಲಸ ಮಾಡುವುದಿಲ್ಲ. ಇನ್ನೊಂದು ದಾರಿ ಸೂರ್ಯನದು. ಶೆಡ್ಡಿನ ಮೇಲೆ 10 ವ್ಯಾಟಿನ ಸೋಲಾರ್ ಫಲಕ ಇಟ್ಟು ಚಾರ್ಜ್ ಕಂಟ್ರೋಲರ್ ಮೂಲಕ ಬ್ಯಾಟರಿಗೆ ಕೊಟ್ಟರೆ ಒಳ್ಳೆಯ ಬಿಸಿಲಿನ ದಿನ 2ರಿಂದ 3 ಆಂಪಿಯರ್-ಅವರ್ ಬರುತ್ತದೆ. ದಿನಕ್ಕೆ ಸೋರುವ 1 ಆಂಪಿಯರ್-ಅವರ್‌ಗೆ ಅದು ಧಾರಾಳ. ಕಂಟ್ರೋಲರ್ ಇಲ್ಲದೆ ನೇರ ಜೋಡಿಸಿದರೆ ಮಾತ್ರ ಅತಿ ಚಾರ್ಜಿನ ಅಪಾಯ.

ಕಾರಿಗೆ ಹೇಳಿದ್ದು ಟ್ರ್ಯಾಕ್ಟರಿಗೂ ಸಲ್ಲುತ್ತದೆ. ಕಬ್ಬಿನ ಹಂಗಾಮು ಮುಗಿದ ಮೇಲೆ, ತೊಗರಿ, ಸೋಯಾ ರಾಶಿ ಆದಮೇಲೆ ಟ್ರ್ಯಾಕ್ಟರುಗಳು ವಾರಗಟ್ಟಲೆ ನಿಲ್ಲುತ್ತವೆ. ಅವುಗಳ ಬ್ಯಾಟರಿ ಕಾರಿನದಕ್ಕಿಂತ ದೊಡ್ಡದು, ಬೆಲೆಯೂ ದುಬಾರಿ. ಎಲೆಕ್ಟ್ರಿಕ್ ಕಾರುಗಳಲ್ಲಿಯೂ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಚಿಕ್ಕದೊಂದು ಇರುತ್ತದೆ. ಅದು ಕೂತರೆ ಬಾಗಿಲೇ ತೆರೆಯದಿರಬಹುದು.

ಉಳಿಯುವುದು ದುಡ್ಡಷ್ಟೇ ಅಲ್ಲ

ಸಣ್ಣ ಕಾರಿನ ಹೊಸ ಬ್ಯಾಟರಿಗೆ ನಾಲ್ಕೈದು ಸಾವಿರ ರೂಪಾಯಿ. ಒಳ್ಳೆಯ ಮೇಂಟೇನರ್ ಅದಕ್ಕಿಂತ ಕಡಿಮೆಗೆ ಸಿಗುತ್ತದೆ, ಬ್ಯಾಟರಿ ಬದಲಾದರೂ ಅದು ಉಳಿಯುತ್ತದೆ. ಕರೆಂಟಿನ ಖರ್ಚು ಹೇಳುವಂಥದ್ದಲ್ಲ. 5 ವ್ಯಾಟು ತಿಂಗಳಿಡೀ ಓಡಿದರೆ 3.6 ಯೂನಿಟ್. 2023ರಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಪಡೆಯುತ್ತಿರುವ ಮನೆಯ ಬಿಲ್ಲಿನಲ್ಲಿ ಅದು ಕಣ್ಣಿಗೂ ಬೀಳುವುದು ಕಷ್ಟ.

ಹಣದಾಚೆಯ ಕಾರಣ ಇನ್ನೂ ದೊಡ್ಡದು. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುವ ವಿಷ, ಅದಕ್ಕೆ ಸುರಕ್ಷಿತ ಮಟ್ಟವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕಿದರೆ ಅದು ಎಲ್ಲೋ ತೆರೆದ ಬಯಲಿನ ಕುಲುಮೆಯಲ್ಲಿ ಕರಗಿ, ಆಮ್ಲ ನೆಲಕ್ಕೆ ಹರಿದು, ಹೊಗೆ ಊರಿನ ಮೇಲೆ ಇಳಿಯುವ ಸಂಭವವಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಮರಳಿ ಸಂಗ್ರಹಿಸುವ ಹೊಣೆ ತಯಾರಕರದು. ಹೊಸದು ಕೊಳ್ಳುವಾಗ ಹಳೆಯದನ್ನು ಅಧಿಕೃತ ಅಂಗಡಿಗೇ ಕೊಟ್ಟು ಬೆಲೆ ಕಳೆಯಿಸಿಕೊಳ್ಳಿ. ಎರಡು ವರ್ಷಕ್ಕೆ ಸಾಯುವ ಬ್ಯಾಟರಿ ನಾಲ್ಕು ವರ್ಷ ಬಾಳಿದರೆ ಆ ಮನೆಯಿಂದ ಹೊರಬೀಳುವ ಸೀಸ ಅರ್ಧಕ್ಕೆ ಇಳಿಯುತ್ತದೆ.

ಪ್ರತಿ ಮನೆಯೂ ಒಂದು ಚಾರ್ಜರ್ ಕೊಳ್ಳಬೇಕೆಂದೂ ಇಲ್ಲ. 4 ಆಂಪಿಯರಿನ ಒಂದು ಸ್ಮಾರ್ಟ್ ಚಾರ್ಜರನ್ನು ಓಣಿಯವರು ಕೂಡಿ ತಂದರೆ ದಿನಕ್ಕೊಂದು ಮನೆಯಂತೆ ವಾರಕ್ಕೆ ಏಳು ಕಾರುಗಳ ಸರದಿ ನಡೆಸಬಹುದು. ವಾರದಲ್ಲಿ ಸೋರುವ ಆರೇಳು ಆಂಪಿಯರ್-ಅವರ್ ಒಂದು ರಾತ್ರಿಯಲ್ಲಿ ನಿರಾಯಾಸವಾಗಿ ತುಂಬುತ್ತದೆ, ಯಾವ ಬ್ಯಾಟರಿಯೂ ಮುಕ್ಕಾಲಿಗಿಂತ ಕೆಳಗೆ ಇಳಿಯುವುದಿಲ್ಲ. ಧಕ್ಕಾ ಹೊಡೆಯಲು ಸೇರುವ ಹುಡುಗರಲ್ಲಿ ಒಬ್ಬರಿಗೆ ಕೆಂಪು ಚಿಮಟ ಮೊದಲು, ಕಪ್ಪು ಆಮೇಲೆ ಎಂದು ಕಲಿಸಿ, ಕೈಗೊಂದು ಮಲ್ಟಿಮೀಟರ್ ಕೊಟ್ಟರೆ ಈ ಸರದಿ ತಾನಾಗಿ ನಡೆಯುತ್ತದೆ, ಆ ಹುಡುಗನಿಗೂ ನಾಲ್ಕು ಕಾಸು ಸಿಗುತ್ತದೆ. ಈ ಸಲ ದೀಪಾವಳಿ ಮುಗಿಸಿ ಊರು ಬಿಡುವವರು ಬ್ಯಾಟರಿ 12.6 ಇದೆಯೇ ನೋಡಿ, ಚಾರ್ಜರ್ ಯಾರ ಮನೆಯಲ್ಲಿರಬೇಕು, ಯಾವ ರಾತ್ರಿ ಯಾರ ಕಾರು ಎಂದು ಗೊತ್ತುಮಾಡಿ ಹೊರಡಲಿ.